ಹಿರಿಯರ ಬೆನ್ನ ಹಿಂದಿನ ಬಾಗಿಲು

ಗಂಡಸರು ಇಷ್ಟು ಜೋರಾಗಿ ಮಾತಾಡುತ್ತಿದ್ದಾರೆಂದರೆ ಊರನ್ನಾಳುವ ಕಂಪನಿ ಮತ್ತೇನನ್ನೋ ಕಿತ್ತುಕೊಳ್ಳಲು ಹೊರಟಿದೆ ಎಂದೇ ಅರ್ಥ. ಸುವಾತ್ ನಿಯೋ ಸುಣ್ಣದ ಡಬ್ಬಿಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು, ಕೆತ್ತನೆಯ ಮರದ ಪರದೆಯ ಹಿಂದೆ ತನ್ನ ಜಾಗದಲ್ಲಿ ಬಂದು ಕುಳಿತಳು. ಪರದೆಯಲ್ಲಿದ್ದ ನವಿಲಿನ ಕಣ್ಣೊಳಗೆ ಒಂದು ತೂತು. ಮಲಕ್ಕಾದ ಸಮುದ್ರಬೀದಿಯ ಚೀನೀ ಮನೆಗಳ ಹೆಂಗಸರು ಲೋಕ ನೋಡುವುದು ಇಂಥ ತೂತುಗಳಿಂದಲೇ. ಮದುವೆ, ಸಾವು ಬಿಟ್ಟರೆ ಅವರು ಮುಂಬಾಗಿಲು ದಾಟುವುದಿಲ್ಲ. ದಾಟಿದರೂ ನಾಲ್ಕೂ ಕಡೆ ಪರದೆ ಇಳಿಬಿಟ್ಟ ಗಾಡಿಯಲ್ಲಿ. ಮದುವೆಯಾಗಿ ಬಂದಂದಿನಿಂದ ಸೊಸೆಯ ಕೈಗೆ ಬೀಗದ ಕೈ ಕೊಡುವವರೆಗೆ ಸುವಾತ್ ನಿಯೋ ಆ ಬೀದಿಯ ಮಣ್ಣು ತುಳಿದವಳಲ್ಲ.

ಪಡಸಾಲೆಯಲ್ಲಿ ಅವಳ ಮಗ ಬೂನ್ ಸಿಯೂ ಕುಳಿತಿದ್ದ. ರಾಳ, ಬೆತ್ತದ ವ್ಯಾಪಾರಿ. ಪಕ್ಕದಲ್ಲಿ ಎಡಮನೆಯ ಜವಳಿ ವ್ಯಾಪಾರಿ ವೈರವ ಚೆಟ್ಟಿ, ಬಲಮನೆಯ ಮೈದೀನ್ ನೈನಾ, ಇನ್ನೂ ನಾಲ್ಕಾರು ಮಂದಿ. ಎಲ್ಲರಿಗಿಂತ ಮೇಲೆ ಕುಳಿತವನು ತವರದ ವ್ಯಾಪಾರಿ ಚಿಯಾಮ್ ಮುದುಕ.

"ನಿನ್ನೆವರೆಗೆ ತೆರಿಗೆ ಹಾಕೋಕೆ ಮನೆ ಬೀದಿ ಕಡೆ ಎಷ್ಟಗಲ ಅಂತ ಅಳೀತಿದ್ರು," ಎಂದ ಚಿಯಾಮ್. "ಅದಕ್ಕೇ ನಮ್ಮಪ್ಪ ಹಾವು ಮಲಗೋಕೂ ಮೈ ಮಡಚಬೇಕು ಅನ್ನೋ ಹಾಗೆ ಮನೆ ಕಟ್ಟಿಸಿದ. ಈಗ ನೋಡಿದ್ರೆ ಕೋಲು ಹಿಡ್ಕೊಂಡು ಒಳಗೇ ಬರ್ತಾರಂತೆ."

"ಯಾರೋ ಒಬ್ಬ ಎರಡು ಮನೆ ಕೊಂಡು ನಡುಗೋಡೆ ಕೊರೆದು ಅರಮನೆ ಮಾಡ್ಕೊಂಡ," ಎಂದ ನೈನಾ. "ಅವನ ಪಾಪಕ್ಕೆ ನಾವೆಲ್ಲ ದಂಡ ಕಟ್ಟೋದು."

ಹೊಸ ಕಾನೂನು ಇಷ್ಟೇ: ಎರಡು ಮನೆಗಳ ನಡುವೆ ಒಳಗಿನಿಂದ ಬಾಗಿಲಿದ್ದರೆ ಅವು ಎರಡಲ್ಲ, ಒಂದು. ಅಗಲ ಹೆಚ್ಚಿದಂತೆ ತೆರಿಗೆಯ ದರವೂ ಏರುತ್ತಿದ್ದುದರಿಂದ, ಎರಡನ್ನು ಕೂಡಿಸಿ ಒಂದೆಂದು ಬರೆದುಕೊಂಡರೆ ವ್ಯಾಪಾರಿಯ ವರ್ಷದ ಲಾಭ ಕೊಚ್ಚಿ ಹೋಗುತ್ತಿತ್ತು. ಆ ಬೀದಿಯಲ್ಲಿ ಒಳಬಾಗಿಲಿಲ್ಲದ ಮನೆಯೇ ಕಡಿಮೆ. ಬೂನ್ ಸಿಯೂನ ಮನೆಗೂ ವೈರವನ ಮನೆಗೂ ನಡುವೆ ಒಂದಿತ್ತು. ಇಬ್ಬರ ಅಪ್ಪಂದಿರು ಒಂದೇ ಹಡಗಿನಲ್ಲಿ ಸರಕು ಹಾಕುತ್ತಿದ್ದ ಕಾಲದಲ್ಲಿ ಮಾಡಿಸಿದ್ದು.

ಒಬ್ಬ ಗವರ್ನರನಿಗೆ ಅರ್ಜಿ ಕೊಡೋಣ ಎಂದ. ಇನ್ನೊಬ್ಬ ಅರ್ಜಿಯ ಕಾಗದದಲ್ಲಿ ಮೀನು ಕಟ್ಟಿಕೊಳ್ಳುತ್ತಾರೆ ಎಂದ. ಮತ್ತೊಬ್ಬ ಎಲ್ಲರೂ ಅಂಗಡಿ ಮುಚ್ಚಿ ಕೂರೋಣ ಎಂದ. ನೀನು ಹಿಂದಿನ ಬಾಗಿಲಲ್ಲಿ ದೋಣಿ ತುಂಬಿಸ್ತೀಯ, ನಾವು ಕೂತಿರ್ತೀವಿ ಎಂದು ಅವನ ಬಾಯಿ ಮುಚ್ಚಿಸಿದರು. ಕೊನೆಗೆ ಬೂನ್ ಸಿಯೂ, "ಏನಿಲ್ಲ, ಇಟ್ಟಿಗೆ ಹಾಕಿಸಿ ಮುಚ್ಚಿಬಿಡೋಣ. ಒಂದು ಬಾಗಿಲಿಗೆ ಎಷ್ಟು ಒದ್ದಾಟ," ಎಂದ.

ಪರದೆಯ ಹಿಂದೆ ಸುವಾತ್ ನಿಯೋ ತೂತಿನಿಂದ ಕಣ್ಣು ತೆಗೆದು ಒಳಗಿನ ಎಡಗೋಡೆಯ ಕಡೆ ತಿರುಗಿದಳು.

ಅವನಿಗೇನು ಗೊತ್ತು! ಅವನಿಗೆ ಅದು ಬಾಗಿಲು. ಮಧ್ಯಾಹ್ನ ಗಂಡಸರು ಉಂಡು ಮಲಗಿದ ಮೇಲೆ ಆ ಬಾಗಿಲನ್ನು ಆಚೆಯಿಂದ ವೈರವನ ತಾಯಿ ಕಾಮಾಚ್ಚಿ ಅಡಕತ್ತರಿಯಿಂದ ಟಕಟಕ ಬಡಿಯುತ್ತಿದ್ದಳು. ಇವಳು ಚಿಲಕ ತೆಗೆಯುತ್ತಿದ್ದಳು. ಅವಳ ಹೊಸ್ತಿಲಲ್ಲಿ ಅವಳು, ಇವಳ ಹೊಸ್ತಿಲಲ್ಲಿ ಇವಳು. ಅಡಕೆ ಕತ್ತರಿಸುವುದು ಅವಳು, ಸುಣ್ಣ ಹಚ್ಚುವುದು ಇವಳು. ಎಲೆ ಮಡಿಸುತ್ತಾ ಇಬ್ಬರೂ ಸೊಸೆಯಂದಿರನ್ನು ಅಲ್ಲೇ ಹರಿದು ಹಂಚುತ್ತಿದ್ದರು. ಗಂಡ ಸತ್ತ ದಿನ ಬಂದವರೆಲ್ಲ ರೂಢಿಯಂತೆ ಅತ್ತು ಹೋದ ಮೇಲೆ, ಸುವಾತ್ ನಿಯೋ ನಿಜವಾಗಿ ಅತ್ತದ್ದು ಆ ಹೊಸ್ತಿಲಲ್ಲಿ, ಕಾಮಾಚ್ಚಿಯ ತೊಡೆಯ ಮೇಲೆ ತಲೆಯಿಟ್ಟು. ಆಮೇಲೆ ಕಾಮಾಚ್ಚಿಯ ಗಂಡನೂ ಹೋದ. ಮುಂಬಾಗಿಲ ರಂಗೋಲಿ ಸೊಸೆಯ ಪಾಲಾಯಿತು. ವಿಧವೆಯ ಕೈಗೆ ಉಳಿದದ್ದು ಈ ಒಳಬಾಗಿಲು. ದಿನಾ ಬೆಳಿಗ್ಗೆ ಅದರ ಮುಂದೆ ಅಕ್ಕಿಹಿಟ್ಟಿನಲ್ಲಿ ಪುಟ್ಟದೊಂದು ರಂಗೋಲಿ ಎಳೆಯುತ್ತಿದ್ದಳು. "ಇಲ್ಲಿ ಹಾಕಿದ್ರೆ ಯಾರೂ ಕೇಳಲ್ಲ, ನೀನೊಬ್ಬಳೇ ನೋಡೋದು," ಎನ್ನುತ್ತಿದ್ದಳು.

ಅಂಥ ಬಾಗಿಲಿಗೆ ಇಟ್ಟಿಗೆಯಂತೆ.

ಆಗ ಚಿಯಾಮ್ ಮುದುಕ ಗಂಟಲು ಸರಿಮಾಡಿಕೊಂಡ. "ಇಟ್ಟಿಗೆ ಹಾಕೋನು ದಡ್ಡ. ಈ ದೊರೆ ಹೋಗಿ ಇನ್ನೊಬ್ಬ ಬಂದ್ರೆ ಕಾನೂನೂ ಹೋಯ್ತು. ಆಮೇಲೆ ಗೋಡೆ ಒಡೀತಾ ಕೂರ್ತೀಯಾ? ನಾನು ಹೇಳ್ತೀನಿ ಕೇಳಿ. ಬಾಗಿಲಿಗೆ ಅಡ್ಡವಾಗಿ ಹಿರಿಯರ ಪೀಠ ಇಟ್ಟುಬಿಡಿ. ಊದುಬತ್ತಿ ಹಚ್ಚಿ, ಎರಡು ಕಿತ್ತಳೆ ಇಡಿ. ಸತ್ತೋರನ್ನ ಪಕ್ಕಕ್ಕೆ ಸರೀರಿ ಅನ್ನೋ ಧೈರ್ಯ ಯಾವ ಬೆಳ್ಳಗಿನವನಿಗಿದೆ?"

ಪಡಸಾಲೆಯೆಲ್ಲ ನಕ್ಕಿತು. ನೈನಾ ಮಾತ್ರ, "ನಮ್ಮ ಮನೇಲಿ ಪೀಠ ಎಲ್ಲಿಂದ ತರಲಿ ಮಾವ?" ಎಂದ. "ನಿಮ್ಮತ್ತೆಯನ್ನೇ ಕೂರಿಸಪ್ಪ," ಎಂದ ಚಿಯಾಮ್. ಇನ್ನೊಂದು ಸಲ ನಗು.

"ನಮ್ಮ ಕಡೆ ಜವಳಿ ಮೂಟೆ ಒಟ್ಟಿಬಿಡ್ತೀನಿ," ಎಂದ ವೈರವ.

ಪರದೆಯ ಹಿಂದೆ ಸುವಾತ್ ನಿಯೋ ಕೂಡ ಅಂಗಿಯ ತೋಳಂಚಿನಲ್ಲಿ ಬಾಯಿ ಮುಚ್ಚಿ ನಕ್ಕಳು. ಸಂಜೆ ಮಗ ಒಳಗೆ ಬಂದಾಗ ಅವನು ಕೇಳುವ ಮೊದಲೇ, "ಪೀಠಾನೇ ಇಡಿಸು ಮಗಾ. ಇಟ್ಟಿಗೆ ಬೇಡ," ಎಂದಳು.

"ನಾಳೆ ಎಳೆದು ಇಡ್ತೀವಿ ಬಿಡಮ್ಮ. ಅಳತೆಯೋರು ಹೋದ ಮೇಲೆ ವಾಪಸ್ ಎಳೆದ್ರಾಯ್ತು."

"ಎಳೆಯೋಕೆ ಅದೇನು ಬೆತ್ತದ ಕಟ್ಟಾ? ನಿಮ್ಮಪ್ಪ ಕೂತಿರೋ ಜಾಗ ಅದು. ಪೂಜಾರಿನ ಕರೆಸು, ಒಳ್ಳೆ ದಿನ ನೋಡಿಸು. ಹೇಳದೆ ಕೇಳದೆ ಸರಿಸಿದ್ರೆ ಮನೆಗೆ ಒಳ್ಳೇದಾಗಲ್ಲ."

ಎಲ್ಲ ಅವಳೇ ಮುಂದೆ ನಿಂತು ಮಾಡಿಸಿದಳು. ಪೂಜಾರಿ ಬಂದ. ಅತ್ತೆ, ಮಾವ, ಗಂಡ, ಎಲ್ಲರ ಹೆಸರು ಕೆತ್ತಿದ ಹಲಗೆಗಳನ್ನು ಕೆಂಪು ಬಟ್ಟೆಯಲ್ಲಿ ಎತ್ತಿ ತಂದು, ಎತ್ತರದ ಕರಿಮರದ ಪೀಠವನ್ನು ಎಡಗೋಡೆಯ ಬಾಗಿಲಿಗೆ ಒತ್ತಿ ನಿಲ್ಲಿಸಿ, ಇನ್ನು ಮೇಲೆ ಇದೇ ನಿಮ್ಮ ಜಾಗ, ಇಲ್ಲಿ ನೆಲೆಯಾಗಿ ಎಂದು ಬೇಡಿಕೊಂಡರು. ಬಿದಿರುಬೇರಿನ ಎರಡು ಹೋಳು ಎಸೆದು ಅಪ್ಪಣೆ ಕೇಳಿದರು. ಒಂದು ಕವುಚಿ, ಒಂದು ಅಂಗಾತ ಬಿತ್ತು. ಹಿರಿಯರು ಒಪ್ಪಿದರು.

ಪೀಠ ಏರಿಸುವ ಮುಂಚೆ ಆ ಬಾಗಿಲು ಕೊನೆಯ ಸಲ ತೆರೆದಾಗ ಕಾಮಾಚ್ಚಿ ಆಚೆ ನಿಂತು ನೋಡುತ್ತಿದ್ದಳು. "ಏನು ನಿಯೋ, ನನ್ನ ಮುಖಕ್ಕೆ ನಿನ್ನ ಗಂಡನ ಬೆನ್ನು ತಿರುಗಿಸ್ತಿದೀಯಾ?"

"ನಾಲ್ಕು ದಿನ ಸುಮ್ನಿರೇ. ಅಳತೆಯೋರು ಹೋಗಲಿ."

"ನಾಲ್ಕು ದಿನ ನಾನು ಅಡಕೆ ಕತ್ತರಿಸಿ ಯಾರಿಗೆ ಕೊಡಲಿ?"

"ನಿನ್ನ ಸೊಸೆಗೆ ಕೊಡು. ಬಾಯಿ ತುಂಬಿದ್ರೆ ಮಾತು ಕಮ್ಮಿ ಆಗುತ್ತೆ."

ಕಾಮಾಚ್ಚಿ ನಕ್ಕಳು. ಚಿಲಕ ಹಾಕದೆ ಬಾಗಿಲು ಮುಚ್ಚಿದರು.

ಅಳತೆಯವರು ಬಂದರು. ಕೋಲಿನಿಂದ ನೆಲ ಕುಟ್ಟುತ್ತಾ ಒಳಗೆ ಬಂದ ಅಧಿಕಾರಿ ಪೀಠದ ಮುಂದೆ ಟೊಪ್ಪಿ ತೆಗೆದು, ಒಂದು ಹೆಜ್ಜೆ ಹಿಂದಕ್ಕೆ ಸರಿದು, ಗೋಡೆಯನ್ನು ಮುಟ್ಟದೆ ಹೊರಟುಹೋದ. ಅವನ ಬೆನ್ನಿಗೇ ಬೂನ್ ಸಿಯೂ ನಕ್ಕು ನಕ್ಕು ಸುಸ್ತಾದ. ಗಾಳಿ ತಿರುಗಿತ್ತು, ಅವನಿಗೆ ರಿಯಾವಿಗೆ ಹಡಗು ಹತ್ತುವ ಅವಸರ. "ನೀವೇ ಅಪ್ಪಣೆ ಕೇಳಿ ಪೀಠ ಹಿಂದಕ್ಕೆ ಇಡಿಸ್ಕೊಳ್ಳಿ ಅಮ್ಮ," ಎಂದು ಹೇಳಿ ಹೋದ.

ಹುಣ್ಣಿಮೆಗೆ ಸುವಾತ್ ನಿಯೋ ತಲೆಗೆ ಸ್ನಾನ ಮಾಡಿ, ಊದುಬತ್ತಿ ಹಚ್ಚಿ, ಗಂಡನಿಗೆ ಇಷ್ಟವಾದ ಹುಳಿಮೀನು ಸಾರು ಇಟ್ಟು, ಹೋಳುಗಳನ್ನು ಎರಡು ಕೈಯಲ್ಲಿ ಹಿಡಿದು ಕೇಳಿದಳು: ಇನ್ನು ಹಳೇ ಜಾಗಕ್ಕೆ ಬರ್ತೀರಾ? ಎಸೆದಳು. ಎರಡೂ ಕವುಚಿ ಬಿದ್ದವು. ಬೇಡ ಎಂದು ಅರ್ಥ.

ಅಮಾವಾಸ್ಯೆಗೆ ಕೇಳಿದಳು. ಎರಡೂ ಕವುಚಿ. ಮತ್ತೆ ಹುಣ್ಣಿಮೆ ಬಂತು. ಈ ಸಲ ಎರಡೂ ಅಂಗಾತ. ಅಂದರೆ ಹಿರಿಯರು ನಗುತ್ತಿದ್ದಾರೆ.

"ನಗ್ತಾರಂತೆ," ಎಂದು ಸುವಾತ್ ನಿಯೋ ಗಂಡನ ಹೆಸರಿನ ಹಲಗೆಯನ್ನು ದುರುಗುಟ್ಟಿ ನೋಡಿದಳು. "ಬದುಕಿದ್ದಾಗಲೂ ಏನು ಕೇಳಿದ್ರೂ ಬೇಡ ಅನ್ನೋದೇ. ಸತ್ತ ಮೇಲೂ ಬುದ್ಧಿ ಬಿಡಲಿಲ್ಲ."

ಸೊಸೆ ಲಿಯಾನ್ ಪಕ್ಕದಲ್ಲೇ ನಿಂತಿದ್ದಳು. ಮೆಲ್ಲಗೆ, "ಇನ್ನೊಂದ್ಸಲ ಹಾಕಿ ಅತ್ತೆ. ಯಾರು ನೋಡ್ತಾರೆ?" ಎಂದಳು.

"ಅವರು ನೋಡ್ತಾರೆ. ಕೂತಿರೋದೇ ಎದುರಿಗೆ."

ಹುಡುಗಿ ತಲೆ ತಗ್ಗಿಸಿದಳು. ಸುವಾತ್ ನಿಯೋಗೆ ಆ ಮಾತು ಆಡಬಾರದಿತ್ತು ಅನ್ನಿಸಿತು. ಒಂದು ಹೋಳನ್ನು ಬೆರಳ ತುದಿಯಿಂದ ತಿರುಗಿಸಿದ್ದರೆ ಮುಗಿದುಹೋಗುತ್ತಿತ್ತು. ಆದರೆ ನಾಳೆ ತಾನೂ ಅದೇ ಹಲಗೆಗಳ ಸಾಲಿನಲ್ಲಿ ಕೂರುವವಳು. ಆಗ ಇದೇ ಹುಡುಗಿ ಹೋಳು ತಿರುಗಿಸಿದರೆ? ಬೇಡ, ಬೇಡ. ಇಲ್ಲಿ ನೆಲೆಯಾಗಿ ಎಂದು ಕೈಮುಗಿದು ಕರೆದವಳು ತಾನೇ.

ಅತ್ತ ಕಾಮಾಚ್ಚಿ ಸುಮ್ಮನಿರುವವಳಲ್ಲ. ಮಧ್ಯಾಹ್ನವಾದರೆ ಸಾಕು, ಪೀಠದ ಹಿಂದಿನಿಂದ ಅಡಕತ್ತರಿಯ ಟಕಟಕ. ಮೊದಲ ದಿನ ಅದನ್ನು ಕೇಳಿ ಲಿಯಾನ್ ಪೀಠದ ಪಕ್ಕದಲ್ಲಿ ಬಗ್ಗಿ ಉತ್ತರ ಕೊಡಲು ಹೋದಳು. ಸುವಾತ್ ನಿಯೋ ಅವಳ ತೋಳು ಹಿಡಿದು ಎಳೆದಳು.

"ಹಿರಿಯರ ಬೆನ್ನ ಹಿಂದಿನಿಂದ ಬಂದ ಸದ್ದಿಗೆ ಓಗೊಡಬಾರದು. ಯಾರೇ ತಟ್ಟಲಿ, ಯಾರೇ ಕರೀಲಿ. ತಿಳೀತಾ?"

"ಕಾಮಾಚ್ಚಿ ಅಮ್ಮ ಅಲ್ವಾ ಅತ್ತೆ..."

"ಯಾರೇ ಆಗ್ಲಿ ಅಂದೆ."

ಲಿಯಾನ್ ತಲೆಯಾಡಿಸಿದಳು. ಆಮೇಲೆ ಸದ್ದು ಬಂದಾಗಲೆಲ್ಲ ಕೈಯಲ್ಲಿದ್ದ ಕೆಲಸ ನಿಲ್ಲಿಸಿ ಉಸಿರು ಹಿಡಿದು ನಿಲ್ಲುವುದನ್ನು ಕಲಿತಳು. ಸುವಾತ್ ನಿಯೋ ಮಾತ್ರ ತನ್ನ ಹಳೆಯ ಜಾಗಕ್ಕೆ ಹತ್ತಿರವಾಗಿ, ಪೀಠದಿಂದ ಮಾರು ದೂರದಲ್ಲಿ ಕುಳಿತು, ಸುಣ್ಣದ ಡಬ್ಬಿ ಮಡಿಲಲ್ಲಿಟ್ಟುಕೊಂಡು ಆ ಟಕಟಕವನ್ನು ಮುಗಿಯುವವರೆಗೂ ಕೇಳುತ್ತಿದ್ದಳು. ಅಡಕೆ ತುಂಡರಿಸಲು ಮನೆಯಲ್ಲಿ ಕತ್ತಿ ಬಿಟ್ಟರೆ ಬೇರೇನೂ ಇರಲಿಲ್ಲ. ದಪ್ಪ ಹೋಳನ್ನು ಅಗಿದು ವಸಡು ನೊಂದು ಎಲೆ ಹಾಕಿಕೊಳ್ಳುವುದನ್ನೇ ಬಿಟ್ಟಳು.

ಒಂದು ಸಲ ಕಾಮಾಚ್ಚಿ ಮುಂಬಾಗಿಲಿಗೇ ಬಂದಳು. ನವಿಲಿನ ಕಣ್ಣಿನಿಂದ ಸುವಾತ್ ನಿಯೋ ಅವಳ ಬಿಳಿ ಸೀರೆ ಕಂಡು ಎದ್ದೇಬಿಟ್ಟಳು. ಪಡಸಾಲೆಯಲ್ಲಿ ಜಾವಾದಿಂದ ಬಂದ ಗಿರಾಕಿಗಳಿದ್ದರು; ಬೆಳ್ಳಂಬೆಳಿಗ್ಗೆ ಅಂಗಡಿ ಬಾಗಿಲಿಗೆ ವಿಧವೆ ಬಂದಳೆಂದು ಒಬ್ಬ ಎದ್ದು ನಿಂತ. ಗುಮಾಸ್ತ ಓಡಿಹೋಗಿ, "ಹಿಂದಿನಿಂದ ಬನ್ನಿ ಅಮ್ಮ," ಎಂದ. ಹಿಂದೆ ಸಮುದ್ರ. ಕಾಮಾಚ್ಚಿ ಅವನನ್ನೊಮ್ಮೆ, ಕತ್ತಲೆಯ ಒಳಮನೆಯನ್ನೊಮ್ಮೆ ನೋಡಿ ತಿರುಗಿ ಹೋದಳು. ಸುವಾತ್ ನಿಯೋ ಪರದೆಯ ಹಿಂದೆ ನಿಂತೇ ಇದ್ದಳು. ಕೂಗಬಹುದಿತ್ತು. ಆ ಮನೆಯ ಹೆಂಗಸಿನ ದನಿಯನ್ನು ಪಡಸಾಲೆಯ ಗಂಡಸರು ಎಂದೂ ಕೇಳಿರಲಿಲ್ಲ, ಅವಳೂ ಕೇಳಿಸಲಿಲ್ಲ. ಆ ದಿನ ಅವಳಿಗೆ ತನ್ನ ಮೇಲೇ ಅಸಹ್ಯವಾಯಿತು.

ಆಮೇಲೊಂದು ಸಂಜೆ ಟಕಟಕ ಶುರುವಾದದ್ದು ನಿಲ್ಲಲೇ ಇಲ್ಲ. ಯಾವತ್ತಿನ ತಾಳ ಅಲ್ಲ ಅದು. ಬಡಿಯುವುದು, ಸ್ವಲ್ಪ ನಿಲ್ಲುವುದು, ಮತ್ತೆ ಬಡಿಯುವುದು. ದೀಪ ಹಚ್ಚಿದರೂ ಬಡಿಯುತ್ತಿತ್ತು. ಹಲಗೆಗಳು ಕೂಡ ಸಣ್ಣಗೆ ಅದುರಿದವು. ಸಿಟ್ಟು ಬಂದಿದೆ ಅವಳಿಗೆ, ಬಾಗಿಲಿಂದ ಕಳಿಸಿದ್ದಕ್ಕೆ ಬೈಯುತ್ತಿದ್ದಾಳೆ ಅಂದುಕೊಂಡಳು ಸುವಾತ್ ನಿಯೋ. ಬೈಯಲಿ. ನಾಡಿದ್ದು ಹುಣ್ಣಿಮೆ. ಈ ಸಲ ಹಿರಿಯರು ಒಪ್ಪೇ ಒಪ್ಪುತ್ತಾರೆ, ಬಾಗಿಲು ತೆಗೆದು ಅವಳ ಕಾಲು ಹಿಡಿದುಕೊಂಡರಾಯಿತು. ಪೀಠದ ಮುಂದೆ ಕೈಮುಗಿದು ಕುಳಿತಳು. ಬಹಳ ಹೊತ್ತಿನ ಮೇಲೆ ಸದ್ದು ನಿಂತಿತು.

ಬೆಳಿಗ್ಗೆ ಎದ್ದಾಗ ಗೋಡೆಯಾಚೆ ಏನೂ ಕೇಳಿಸಲಿಲ್ಲ. ಒನಕೆಯಿಲ್ಲ, ಸೊಸೆಯ ಗದರಿಕೆಯಿಲ್ಲ, ವೈರವನ ಕೆಮ್ಮಿಲ್ಲ. ಮನೆಯ ಸದ್ದು ಗೊತ್ತಿದ್ದವಳಿಗೆ ಮನೆಯ ಮೌನವೂ ಗೊತ್ತಾಗುತ್ತದೆ. ಕಾಮಾಚ್ಚಿಗೆ ಏನಾದರೂ ಆಯಿತೇ? ರಾತ್ರಿಯೆಲ್ಲ ಬಡಿದದ್ದು ಅದಕ್ಕೇ ಏನು? ಲಿಯಾನ್ ಮಹಡಿಯಲ್ಲಿದ್ದಳು, ಗುಮಾಸ್ತ ಇನ್ನೂ ಬಂದಿರಲಿಲ್ಲ. ಸುವಾತ್ ನಿಯೋ ತಲೆಗೆ ಬಟ್ಟೆ ಎಳೆದುಕೊಂಡು, ಪಡಸಾಲೆ ದಾಟಿ, ಮುಂಬಾಗಿಲಿನ ಅಡ್ಡ ತೆಗೆದು, ಬೀದಿಗೆ ಕಾಲಿಟ್ಟಳು.

ಬಿಸಿಲು ಕಣ್ಣಿಗೆ ಹೊಡೆಯಿತು. ಇಷ್ಟು ಅಗಲವೇ ಬೀದಿ! ಎಲ್ಲ ಮನೆಗಳೂ ಒಂದೇ ಥರ: ಇಕ್ಕಟ್ಟಾದ ಮುಖ, ಎರಡು ಕಿಟಕಿ, ಒಂದು ಬಾಗಿಲು. ತೆರಿಗೆ ಉಳಿಸಲು ಕಟ್ಟಿದ ಮನೆಗಳಿಗೆ ಬೇರೆ ಬೇರೆ ಮುಖ ಎಲ್ಲಿಂದ ಬರಬೇಕು? ಕಾಮಾಚ್ಚಿಯ ಮನೆ ಯಾವುದು? ಪೀಠಕ್ಕೆ ಎದುರಾಗಿ ನಿಂತರೆ ಅಡುಗೆಮನೆ ಇವಳ ಬಲಕ್ಕೆ. ಹಾಗಾದರೆ ಬೀದಿಗೆ ಮುಖ ಮಾಡಿದಾಗ ಅವಳ ಮನೆ ಯಾವ ಕಡೆಗೆ? ಲೆಕ್ಕ ಹಾಕಹೋಗಿ ತಲೆ ಗಿರ್ರೆಂದಿತು. ರಂಗೋಲಿ ನೋಡೋಣವೆಂದರೆ ಆಚೆಯೂ ಇಲ್ಲ, ಈಚೆಯೂ ಇಲ್ಲ. ಕಣ್ಣು ಮುಚ್ಚಿಕೊಂಡು ಹೋಗಬಲ್ಲ ಮನೆ ಕಣ್ಣು ಬಿಟ್ಟರೆ ಸಿಗಲಿಲ್ಲ. ಗೆಳತಿಯ ಮನೆಯ ಮುಂಬಾಗಿಲನ್ನು ಅವಳು ಒಂದು ಸಲವೂ ನೋಡಿರಲಿಲ್ಲ.

ತಪ್ಪು ಬಾಗಿಲನ್ನೇ ತಟ್ಟಿದಳು. ತೆರೆದವನು ಮೈದೀನ್ ನೈನಾ. ಬೀದಿಯಲ್ಲಿ ಪಕ್ಕದ ಮನೆಯ ಹೆಂಗಸು ನಿಂತಿರುವುದನ್ನು ಕಂಡು ಅವನು ಕಣ್ಣು ನೆಲಕ್ಕೆ ಇಳಿಸಿದ.

"ಅಮ್ಮ, ನೀವು... ಯಾರಾದ್ರೂ ಸತ್ರಾ?"

"ಕಾಮಾಚ್ಚಿ ಮನೆ," ಎಂದಳು. "ಚೆಟ್ಟಿ ಮನೆ ಯಾವುದಪ್ಪ?"

"ನಿಮ್ಮ ಮನೆಯ ಆ ಪಕ್ಕದ್ದು. ಆದ್ರೆ ಅಲ್ಲಿ ಯಾರೂ ಇಲ್ಲಮ್ಮ. ಬೆಳಕು ಹರಿಯೋ ಮುಂಚೆ ಗಾಡಿ ಕಟ್ಟಿಬಿಟ್ರು. ಅವತ್ತೇ ಅಳತೆಯೋರು ಮೂಟೆಗಳನ್ನ ಸರಿಸಿ ಆ ಕಡೆಯಿಂದ ಬಾಗಿಲು ನೋಡ್ಬಿಟ್ಟಿದ್ರಂತೆ. ಆಚೆ ದಾರಿ ಇಲ್ಲ, ಪೀಠ ಇದೆ ಅಂತ ವೈರವ ಎಷ್ಟು ಹೇಳಿದ್ರೂ ಕೇಳಲಿಲ್ವಂತೆ. ಈಗ ಎರಡೂ ಮನೆ ತೆರಿಗೆ ಅವನ ತಲೆಗೇ ಕಟ್ಟಿದ್ರು. ಊರ ಗಡಿ ಆಚೆ, ಗಾಜಾ ಬೆರಾಂಗ್ ಕಡೆ ಹೊರಟುಹೋದ. ಅಲ್ಲಿ ಅಗಲ ಅಳೆಯೋರಿಲ್ಲ. ಸುದ್ದಿ ಹೊರಗೆ ಬಿದ್ರೆ ಕಂಪನಿಯೋರು ಗಾಡಿ ತಡೀತಾರೆ ಅಂತ ಯಾರಿಗೂ ಬಾಯಿ ಬಿಡಲಿಲ್ಲ. ನಾನು ಗಾಡಿ ಸದ್ದಿಗೆ ಎದ್ದು ನೋಡಿದ್ದು." ಕಣ್ಣೆತ್ತದೆ ಕೇಳಿದ: "ನಿಮಗೂ ಹೇಳ್ಲಿಲ್ವಾ ಆ ಅಮ್ಮ?"

ಹೇಳಿದ್ದಳು. ದೀಪ ಹಚ್ಚಿದ ಮೇಲೂ ಹೇಳುತ್ತಲೇ ಇದ್ದಳು. ಕೂಗಿ ಹೇಳುವಂತಿರಲಿಲ್ಲ, ಅದಕ್ಕೇ ಬಡಿದು ಬಡಿದು ಹೇಳಿದ್ದಳು.

ಚೆಟ್ಟಿ ಮನೆಯ ಬಾಗಿಲು ಬೀಗವಿಲ್ಲದೆ ಬರೀ ಮುಂದಕ್ಕೆ ಎಳೆದಿತ್ತು. ಸುವಾತ್ ನಿಯೋ ಒಳಗೆ ಹೋದಳು. ನೆಲದ ಮೇಲೆ ಹುಲ್ಲು, ಹಗ್ಗದ ತುಂಡು, ಒಂದು ಒಡೆದ ಮಡಕೆ. ಪಡಸಾಲೆ ದಾಟಿ ನಡುಮನೆಗೆ ಬಂದಾಗ ಜಾಗ ತಾನಾಗಿ ಗುರುತು ಸಿಕ್ಕಿತು. ಅದೇ ಬಾಗಿಲು. ಅದರ ಮುಂದೆ ಅಕ್ಕಿಹಿಟ್ಟಿನ ಪುಟ್ಟ ರಂಗೋಲಿ. ಅದರ ಕೆಳಗೆ ನಿನ್ನೆಯದರ ಬಿಳಿ ಮಸುಕು, ಮೊನ್ನೆಯದರ ಮಸುಕು. ಮುಚ್ಚಿದ ಬಾಗಿಲಿಗೆ ಅವಳು ಒಂದು ದಿನವೂ ತಪ್ಪಿಸಿರಲಿಲ್ಲ. ಗಾಡಿ ಬಾಗಿಲಲ್ಲಿ ಕಾಯುತ್ತಿದ್ದಾಗಲೂ ಬಗ್ಗಿ ಎಳೆದೇ ಹೋಗಿದ್ದಳು. ಒಂದು ಮೂಲೆಯನ್ನು ಇರುವೆಗಳು ಹೊತ್ತೊಯ್ಯುತ್ತಿದ್ದವು.

ಸುವಾತ್ ನಿಯೋ ರಂಗೋಲಿ ತುಳಿಯದಂತೆ ಪಕ್ಕದಲ್ಲಿ ಕುಳಿತಳು. ಕಾಮಾಚ್ಚಿ ಕೂರುತ್ತಿದ್ದ ಹೊಸ್ತಿಲು. ಕೈಚಾಚಿ ಬಾಗಿಲನ್ನು ತನ್ನ ಕಡೆಗೆ ಎಳೆದಳು. ಎದುರಿಗೆ ಪೀಠದ ಹಿಂಬದಿ, ಬಣ್ಣವಿಲ್ಲದ ಒರಟು ಹಲಗೆ. ಸಂದಿನಿಂದ ತನ್ನದೇ ಮನೆಯ ಊದುಬತ್ತಿಯ ವಾಸನೆ ಬರುತ್ತಿತ್ತು. ಇಷ್ಟು ದಿನ ಕಾಮಾಚ್ಚಿ ನೋಡುತ್ತಾ ಕೂತದ್ದು ಇದನ್ನೇ.

ಅಳು ಬಂತು. ಆದರೆ ಯಾರ ತೊಡೆಯ ಮೇಲೆ ತಲೆ ಇಡುವುದು? ಸೊಂಟದಿಂದ ಸುಣ್ಣದ ಡಬ್ಬಿ ತೆಗೆದಳು. ಯಾಕೆಂದು ಅವಳಿಗೇ ತಿಳಿಯಲಿಲ್ಲ. ಆ ಮನೆಯಲ್ಲಿ ಆ ಕ್ಷಣ ಯಾರಾದರೂ ಒಬ್ಬರು ಏನಮ್ಮ ಎಂದು ಕೇಳಿದರೆ ಸಾಕಿತ್ತು. ಹಲಗೆಯ ಮೇಲೆ ಡಬ್ಬಿಯಿಂದ ಟಕಟಕ ಬಡಿದಳು.

ಆಚೆ ಪೊರಕೆಯ ಸದ್ದು ಕೇಳಿಸುತ್ತಿತ್ತು. ಲಿಯಾನ್ ಕೆಳಗಿಳಿದು ನಡುಮನೆ ಗುಡಿಸುತ್ತಿದ್ದಳು. ಸದ್ದು ಕೇಳಿದ್ದೇ ತಡ, ಪೊರಕೆ ನಿಂತಿತು.

ಸುವಾತ್ ನಿಯೋ ಇನ್ನೊಮ್ಮೆ ಬಡಿದಳು. ಕಾದಳು. ಮತ್ತೆ ಬಡಿದಳು.

ಆಚೆ ಸದ್ದಿಲ್ಲ. ಲಿಯಾನ್ ಉಸಿರು ಹಿಡಿದು ನಿಂತಿರುವುದು ಅವಳಿಗೆ ಗೊತ್ತಿತ್ತು. ಸೊಸೆ ಒಳ್ಳೆಯ ಹುಡುಗಿ, ಹೇಳಿಕೊಟ್ಟದ್ದನ್ನು ಮರೆಯುವವಳಲ್ಲ.